ಹನ್ನೊಂದನೆಯ ಹುಡುಗಿ

ನವೆಂಬರ್ 19, ಮಂಗಳವಾರ. ಮಧ್ಯಾಹ್ನ 12.30

ಹತ್ತೂ ಹುಡುಗಿಯರು ಕ್ಷೇಮ. ಈ ಚಳಿಗಾಲದ ಮೂರನೆಯ ಭೇಟಿ. ಗುಡ್ಡದ ಮೇಲಿನ ಬಯಲೆಲ್ಲ ಮಂಜು. ಒಂದು ಕಲ್ಲಿನ ಪಕ್ಕ ನಿಂತರೆ ಮುಂದಿನದು ಬರೀ ನೆರಳು. ಭಾನುವಾರ ಪ್ರಾರ್ಥನೆ ತಪ್ಪಿಸಿ ಕುಣಿದರೆಂದು ಹತ್ತು ಜನರನ್ನೂ ನಿಂತಲ್ಲೇ ಕಲ್ಲು ಮಾಡಿಬಿಟ್ಟರಂತೆ. ನಾಲ್ಕು ಸಾವಿರ ವರ್ಷದ ಹಿಂದೆ ಭಾನುವಾರ ಇತ್ತೇ ಎಂದು ಕೇಳಬಾರದು. ಚಾಪೆಲ್‌ನಲ್ಲಿ ಒಮ್ಮೆ ಕೇಳಿ ನೋಡಿದ್ದೇನೆ.

ಊರಿನವರ ಲೆಕ್ಕದಲ್ಲಿ ನಾನು ಮೇಲೆ ಹೋಗುವುದು ಧ್ಯಾನಕ್ಕೆ. ಮೂವತ್ತೆಂಟು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ಮೌನ ಬೇಕಾಗುತ್ತದೆ ಎಂದು ಲವ್ಡೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ಹೆಂಡತಿಯ ಮಾತನ್ನು ಸುಳ್ಳು ಮಾಡಬಾರದು. ಆದ್ದರಿಂದ ಸತ್ಯವನ್ನು ಇಲ್ಲಿ ಮಾತ್ರ ಬರೆಯುತ್ತೇನೆ — ಪ್ಯಾಸ್ಟಿ ತಿನ್ನಲು ಹೋಗುತ್ತೇನೆ, ನಮ್ಮ ಕಡೆಯ ಮಾಂಸದ ಕಡುಬು.

ಆಗಸ್ಟ್‌ನಲ್ಲಿ ಡಾಕ್ಟರಮ್ಮ ನನ್ನ ರಕ್ತದ ವರದಿ ಓದಿ, ಕನ್ನಡಕ ತೆಗೆದು, ಲವ್ಡೇ ಮುಖವನ್ನೇ ನೋಡಿದರು. ನನ್ನ ಮುಖ ನೋಡಲಿಲ್ಲ. ಅಂದಿನಿಂದ ಮನೆಯಲ್ಲಿ ಓಟ್ಸ್ ಗಂಜಿ, ಸೊಪ್ಪು, ಮತ್ತೆ ಗಂಜಿ. ಆದರೆ ಮಂಗಳವಾರ ಹತ್ತರಿಂದ ಹನ್ನೆರಡು ಲವ್ಡೇ ಇಗರ್ಜಿಯ ಹಿತ್ತಾಳೆ ದೀಪ ಉಜ್ಜುತ್ತಾಳೆ. ದೇವರು ದೊಡ್ಡವನು.

ಇಂದು ಸ್ವಲ್ಪದರಲ್ಲಿ ಉಳಿದೆ. ಗೊಬ್ಬರದ ಖಾಲಿ ಚೀಲ ಹಾಸಿ, ಬೂದು ಮಳೆಕೋಟಿನ ಟೋಪಿ ಎಳೆದುಕೊಂಡು, ಗಾಳಿಗೆ ಬೆನ್ನು ಕೊಟ್ಟು, ಪ್ಯಾಸ್ಟಿಯನ್ನು ಎದೆಗೆ ಅವಚಿಕೊಂಡು ಎರಡನೆಯ ತುತ್ತಿನಲ್ಲಿದ್ದೆ. ಹೆಜ್ಜೆ ಸದ್ದು. ಯಾರೋ ಕೆಮ್ಮಿದರು. ಉಸಿರು ಕಟ್ಟಿ ಕೂತೆ. ಬಾಯಲ್ಲಿದ್ದದ್ದನ್ನು ಜಗಿಯಲಿಲ್ಲ. ಐದು ನಿಮಿಷಕ್ಕೆ ಹೆಜ್ಜೆ ದೂರ ಹೋಯಿತು. ಯಾರಿಗೂ ಕಂಡಿಲ್ಲ.

ನವೆಂಬರ್ 21, ಗುರುವಾರ. ಸಂಜೆ

ಕಂಡಿದೆ.

ಚಾಪೆಲ್ ಹಿಂದಿನ ಕೋಣೆಯಲ್ಲಿ ನಮ್ಮ ಬರಹಗಾರರ ಕೂಟ. ಸದಸ್ಯರು ನಾಲ್ವರು, ಬಿಸ್ಕತ್ತಿನ ಡಬ್ಬಿ ಸೇರಿದರೆ ಐವರು. ನಡೆಸುವವಳು ಫಿಲಿಪ್ಪಾ — ಲಂಡನ್ನಿನಲ್ಲಿ ನಾಟಕ ಕಲಿಸಿ, ನಿವೃತ್ತಳಾಗಿ ನಮ್ಮನ್ನು ಉದ್ಧಾರ ಮಾಡಲು ಬಂದವಳು. ಪ್ರತಿ ವಾರ ಒಂದು ಚಿತ್ರ ಮೇಜಿನ ಮೇಲಿಡುತ್ತಾಳೆ, ಇಪ್ಪತ್ತು ನಿಮಿಷ ಅದನ್ನು ನೋಡಿ ಬರೆಯಬೇಕು. ಹೋದ ವಾರ ಒಂಟಿ ಚಪ್ಪಲಿ. ಅದರ ಹಿಂದಿನ ವಾರ ಮುರಿದ ಬಾಗಿಲು. ಇಂದು ಅವಳೇ ಮಂಗಳವಾರ ತೆಗೆದ ಫೋಟೋ. ಮಂಜು. ಮಂಜಿನಲ್ಲಿ ಕಲ್ಲುಗಳು.

ಕುರಿ ಸಾಕುವ ಹಾಸ್ಕಿನ್ ಬೆರಳಿಟ್ಟು ಎಣಿಸಿದ. “ಹನ್ನೊಂದು ಇದಾವಲ್ಲ?”

“ಹತ್ತು ಅಲ್ವಾ?” ಎಂದಳು ಫಿಲಿಪ್ಪಾ.

“ಆ ಹುಡುಗೀರ್ನ ಎಣಿಸಿದ್ರೆ ಯಾವತ್ತಾದ್ರೂ ಲೆಕ್ಕ ಸರಿ ಬಂದಿದ್ಯಾ ತಾಯಿ? ನಮ್ಮಜ್ಜ ಒಂಬತ್ತು ಅಂತಿದ್ದ. ನಮ್ಮಪ್ಪ ಹನ್ನೆರಡು ಅಂತಿದ್ದ. ಇಬ್ರೂ ಸಾಯೋ ತನಕ ಅದಕ್ಕೇ ಜಗಳ.”

ಅಲ್ಲಿಗೆ ವಿಷಯ ಮುಗಿಯಿತು. ಈ ಊರಲ್ಲಿ ಎಣಿಕೆ ತಪ್ಪಿದರೆ ಎಣಿಸಿದವನನ್ನು ಅನುಮಾನಿಸುವುದಿಲ್ಲ, ಕಲ್ಲುಗಳನ್ನು ಅನುಮಾನಿಸುತ್ತಾರೆ. ನಾನು ಆ ಹನ್ನೊಂದನೆಯದನ್ನು ನೋಡಿದೆ. ಕುಳ್ಳಗೆ, ಬೂದು, ತಲೆ ಬಾಗಿದೆ. ನೆತ್ತಿಯಲ್ಲಿ ನನ್ನ ಮಳೆಕೋಟಿನ ಟೋಪಿಯ ಚೂಪು ತುದಿ. ಇಪ್ಪತ್ತು ನಿಮಿಷ ನಾನು ಬರೆದದ್ದು ಇಷ್ಟು: ಮಂಜು. ಮಂಜು. ಬಹಳ ಮಂಜು.

ಆಮೇಲೆ ಮೆರಿನ್ ಓದಿದಳು. ಬೇಕರಿಯ ಮೆರಿನ್ ಆ್ಯಂಗೋವ್. ಕೂಟಕ್ಕೆ ಸೇರಿ ಎರಡು ವರ್ಷ, ಎರಡು ಸಾಲಿಗಿಂತ ಹೆಚ್ಚು ಓದಿದವಳಲ್ಲ. ಓದುವ ಮೊದಲೇ ಕ್ಷಮೆ ಕೇಳುತ್ತಾಳೆ. ಇಂದು ಕೇಳಲಿಲ್ಲ. ಅವಳ ಹಾಳೆ ಕೇಳಿ ಪಡೆದು ಇಲ್ಲಿ ಇಳಿಸಿದ್ದೇನೆ —

“ಹತ್ತು ಜನ ಕುಣಿದರು, ಕಲ್ಲಾದರು. ಹನ್ನೊಂದನೆಯವಳು ಕುಣಿಯಲಿಲ್ಲ. ಅವಳನ್ನು ಯಾರೂ ಶಪಿಸಲಿಲ್ಲ. ಮನೆಗೆ ಹೋಗಬಹುದಿತ್ತು. ಗೆಳತಿಯರನ್ನು ಚಳಿಯಲ್ಲಿ ಬಿಟ್ಟು ಹೋಗಲು ಕಾಲು ಬರಲಿಲ್ಲ. ಕೂತಳು. ಕೂತೂ ಕೂತೂ ತಾನೂ ಕಲ್ಲಾದಳು. ಆದರೆ ತಲೆ ಬಗ್ಗಿಸಿದ್ದಾಳೆ, ನೋಡಿ. ಮಡಿಲಲ್ಲಿ ಏನನ್ನೋ ಗಾಳಿಗೆ ಸಿಗದಂತೆ ಕಾಯುತ್ತಿದ್ದಾಳೆ. ಏನೆಂದು ನನಗೆ ಗೊತ್ತಿಲ್ಲ. ಅದು ಇನ್ನೂ ಬೆಚ್ಚಗಿದೆ.”

ಹಾಸ್ಕಿನ್ ಮೂಗೊರೆಸಿಕೊಂಡ, ಬಿಸ್ಕತ್ತು ಮುಟ್ಟಲಿಲ್ಲ. ಫಿಲಿಪ್ಪಾ ಕನ್ನಡಕ ಒರೆಸಿಕೊಂಡಳು.

ಏನೆಂದು ನನಗೆ ಗೊತ್ತು. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ. ಕರಿಮೆಣಸು ಒಂದು ಚಿಟಿಕೆ ಜಾಸ್ತಿ. ಕಟ್ಟಿಕೊಟ್ಟದ್ದು ಮೆರಿನ್ನೇ.

ನವೆಂಬರ್ 26, ಮಂಗಳವಾರ

ಹೇಳಿಬಿಡೋಣವೆಂದು ಬೇಕರಿಗೆ ಹೋದೆ.

“ಏನ್ ಚೆಲುವಾ, ದೊಡ್ಡದೇ ತಾನೆ?” ಎಂದಳು. ಅಂಗಡಿಗೆ ಯಾರು ಬಂದರೂ ಚೆಲುವನೇ, ಎಂಬತ್ತರ ಬೊಕ್ಕ ಬಾಯಿಯವನಾದರೂ. ನನ್ನ ಗುಟ್ಟನ್ನು ಕಾಯುವವಳೂ ಅವಳೇ. ಪ್ಯಾಸ್ಟಿಯನ್ನು ಕೋಟಿನೊಳಗೆ ಹಿಡಿಸುವ ಹಾಗೆ ಚಪ್ಪಟೆಯಾಗಿ ಸುತ್ತುತ್ತಾಳೆ.

“ಮೆರಿನ್, ನಿನ್ನ ಆ ಬರಹ —”

“ಇನ್ನೂ ಬರೀತಿದೀನಿ ಡೆನ್ಜಿಲ್! ಬೆಳಿಗ್ಗೆ ಒಲೆ ಕಾಯೋವರೆಗೂ. ಇಷ್ಟ್ ವರ್ಷ ನಂಗೆ ಹೇಳೋದಕ್ಕೇನೂ ಇಲ್ಲ ಅಂದ್ಕೊಂಡಿದ್ದೆ. ಆ ಕಲ್ಲು ನೋಡಿದ ಮೇಲೆ ನಿಲ್ತಾನೇ ಇಲ್ಲ.”

ಅವಳ ಕ್ಲಾಸಿನಲ್ಲಿ ಒಂಬತ್ತು ಹುಡುಗಿಯರಿದ್ದರು. ಎಂಟು ಜನ ಊರು ಬಿಟ್ಟರು. ಒಬ್ಬೊಬ್ಬರನ್ನೂ ಪೆಟ್ಟಿಗೆ ಸಮೇತ ಸ್ಟೇಷನ್ನಿಗೆ ಬಿಟ್ಟದ್ದು ನನ್ನದೇ ಬಸ್ಸು. ಬೀಳ್ಕೊಡಲು ಪ್ರತಿಸಲ ಮೆರಿನ್ ಬರುತ್ತಿದ್ದಳು. ವಾಪಸು ಬರುವಾಗ ನನ್ನ ಹಿಂದಿನ ಸೀಟಿನಲ್ಲಿ ಒಬ್ಬಳೇ.

ಹೇಳಲಿಲ್ಲ. ಪ್ಯಾಸ್ಟಿ ಇಸಿದುಕೊಂಡು ಬಂದೆ. ರುಚಿ ಹತ್ತಲಿಲ್ಲ. ಪೂರ್ತಿ ತಿಂದೆ, ಆದರೂ.

ಡಿಸೆಂಬರ್ 12, ಗುರುವಾರ

ವಿಪತ್ತು ಬೆಳೆಯುತ್ತಿದೆ. ಫಿಲಿಪ್ಪಾ ಫೋಟೋವನ್ನೂ ಮೆರಿನ್ ಬರಹವನ್ನೂ ಪಟ್ಟಣದ ಲೈಬ್ರರಿಗೆ ಕಳಿಸಿದ್ದಳಂತೆ. ಜನವರಿಯಲ್ಲಿ ಪ್ರದರ್ಶನ. ಗೋಡೆಯ ಮೇಲೆ ದೊಡ್ಡದು ಮಾಡಿ ಹಾಕುತ್ತಾರೆ. ನನ್ನನ್ನು.

ಮೆರಿನ್ ಕೆಂಪು ಕೋಟು ಕೊಂಡಿದ್ದಾಳೆ. ಹಾಸ್ಕಿನ್ ನೋಡಿ, “ಏನ್ ಹುಡುಗೀ, ಅಂಚೆ ಡಬ್ಬಿ ಥರ ಹೊಳೀತಿದೀಯ” ಎಂದ. ಅವನ ಶಬ್ದಕೋಶದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಜನವರಿ 9, ಗುರುವಾರ

ಕ್ರಿಸ್‌ಮಸ್ಸಿಗೆ ಏನೂ ಬರೆಯಲಿಲ್ಲ. ಗಂಜಿಯ ಬಗ್ಗೆ ಎಷ್ಟೆಂದು ಬರೆಯುವುದು.

ಇಂದು ಫಿಲಿಪ್ಪಾ ಚಪ್ಪಾಳೆ ತಟ್ಟಿ ಘೋಷಿಸಿದಳು — ಫೆಬ್ರವರಿ ಎರಡು, ಭಾನುವಾರ, ಎಲ್ಲರೂ ಮೇಲೆ ಹೋಗುವುದು. ಲೈಬ್ರರಿಯವರು, ಹಳೇ ಕಲ್ಲುಗಳ ಸಂಘದವರು, ಒಟ್ಟು ಮೂವತ್ತು ಜನ. “ಮೆರಿನ್ ಓದ್ತಾಳೆ. ಎಲ್ಲಿ ನಿಂತು ಹೇಳಿ? ಹನ್ನೊಂದನೇ ಹುಡುಗಿಯ ಪಕ್ಕದಲ್ಲೇ!”

ಹನ್ನೊಂದನೆಯ ಹುಡುಗಿ ಆಗ ಟೀ ಕುಡಿಯುತ್ತಿದ್ದಳು. ನೆತ್ತಿಗೇರಿತು. ಹಾಸ್ಕಿನ್ ಬೆನ್ನಿಗೆ ಗುದ್ದಬೇಕಾಯಿತು.

ಜನವರಿ 14, ಮಂಗಳವಾರ. ಕಲ್ಲುಗಳ ಹತ್ತಿರ

ಇಲ್ಲಿಯೇ ಕೂತು ಯೋಚಿಸಿದೆ. ದಾರಿ ಒಂದು: ಎಲ್ಲಿಂದಲಾದರೂ ಕಲ್ಲು ತಂದು ನೆಡುವುದು. ಬಚ್ಚಲ ಬಕೆಟ್ ಎತ್ತಿದರೇ ಸೊಂಟ ಹಿಡಿಯುತ್ತದೆ. ದಾರಿ ಎರಡು: ಆ ಭಾನುವಾರ ನಾನೇ ಮತ್ತೆ ಕೂರುವುದು. ಮಂಜು ಕೃಪೆ ಮಾಡಬೇಕು. ಮೂವತ್ತು ಜನರಲ್ಲಿ ಒಬ್ಬನಾದರೂ ಕಲ್ಲಿನ ತಲೆ ಸವರುತ್ತಾನೆ. ದಾರಿ ಮೂರು: ಸತ್ಯ. ಅದು ಈ ಗುಡ್ಡಕ್ಕಿಂತ ಕಡಿದು.

ಸತ್ಯ ಹೇಳಿದರೆ ನಾನು ನಗೆಪಾಟಲು. ಅದಕ್ಕೇನು, ಅಭ್ಯಾಸವಿದೆ. ಆದರೆ ಮೆರಿನ್? ಐವತ್ತನಾಲ್ಕನೆಯ ವಯಸ್ಸಿಗೆ ಬಾಯಿ ಬಿಟ್ಟವಳು. ‘ಪ್ಯಾಸ್ಟಿ ನೋಡಿ ಅತ್ತವಳು’ ಎಂದು ಈ ಊರು ಸಾಯುವವರೆಗೆ ಕರೆಯುತ್ತದೆ. ಮತ್ತೆ ಬಾಯಿ ಮುಚ್ಚಿದರೆ ತೆರೆಯುವುದಿಲ್ಲ.

ಪ್ಯಾಸ್ಟಿ ಅರ್ಧ ಉಳಿಯಿತು. ಬರೆದಿಡಬೇಕಾದ ಸಂಗತಿ.

ಜನವರಿ 18, ಶನಿವಾರ

ಪ್ರದರ್ಶನ ಶುರು. ಫೋಟೋ ಬಾಗಿಲಷ್ಟು ದೊಡ್ಡದು. ಕೆಳಗೆ ಮೆರಿನ್ ಹೆಸರು. ಕೆಂಪು ಕೋಟಿನಲ್ಲಿ ಅವಳು, ಗುರುತಿಲ್ಲದ ಜನ ಬಂದು ಕೈ ಕುಲುಕುತ್ತಿದ್ದರು. ಅವಳು ನೆಟ್ಟಗೆ ನಿಂತಿದ್ದಳು.

ಲವ್ಡೇ ಫೋಟೋ ಮುಂದೆ ನಿಂತಳು. ಓದಿದಳು. ಮತ್ತೆ ಫೋಟೋ ನೋಡಿದಳು. ಹತ್ತಿರ ಹೋಗಿ ನೋಡಿದಳು. ನನ್ನ ಕಡೆ ತಿರುಗಲಿಲ್ಲ — ಅದೇ ಕೆಟ್ಟ ಲಕ್ಷಣ. ವಾಪಸು ಬಸ್ಸಿನಲ್ಲಿ, ಮೂರನೆಯ ಸ್ಟಾಪು ದಾಟಿದ ಮೇಲೆ:

“ಡೆನ್ಜಿಲ್.”

“ಹೇಳು.”

“ನಲವತ್ತೊಂದು ವರ್ಷ ಆ ಬೆನ್ನು ನೋಡ್ಕೊಂಡೇ ಮಲಗಿದೀನಿ.”

ಕಿಟಕಿಯಾಚೆ ನೋಡಿದೆ. ಹಸುಗಳಿದ್ದವು.

“ಮಡಿಲಲ್ಲಿ ಏನಿತ್ತು?”

“...ಸೇಬು.”

“ಡೆನ್ಜಿಲ್.”

“ಪ್ಯಾಸ್ಟಿ.”

“ಚಿಕ್ಕದಾ?”

ಮತ್ತೆ ಹಸುಗಳನ್ನು ನೋಡಿದೆ. ಎರಡು ಸ್ಟಾಪು ಕಳೆಯಿತು. ನಂತರ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಹೆದರಿದೆ. ನಗುತ್ತಿದ್ದಳು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ಮೊದಲು ಆ ಮೆರಿನ್ ಹುಡುಗಿಗೆ ಹೇಳು. ಅಷ್ಟ್ ಜನರ ಎದುರು ಅವಳಾಗಿ ಕಂಡ್ಕೊಳ್ಳೋ ಹಾಗೆ ಬಿಡ್ಬೇಡ. ನಿನ್ನ ವಿಚಾರಣೆ ಆಮೇಲೆ ನಾನಿಟ್ಕೊತೀನಿ.”

ಜನವರಿ 21, ಮಂಗಳವಾರ. ಬೆಳಿಗ್ಗೆ 9.50

ಹೇಳಿದೆ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೆರಿನ್ ಹಿಟ್ಟಿನ ಕೈಯಲ್ಲಿ ನಿಂತು ಕೇಳಿದಳು. ಒಂದೇ ಉಸಿರಿಗೆ ಹೇಳಿದೆ — ಕೋಟು, ಚೀಲ, ಮಂಜು, ಹೆಜ್ಜೆ ಸದ್ದು, ಎಲ್ಲ. ಕೊನೆಗೆ, “ಹನ್ನೊಂದನೇ ಹುಡುಗಿ ನಾನೇ ಕಣಮ್ಮ” ಎಂದೆ. ಇಂಥ ವಾಕ್ಯವನ್ನು ಗಂಡಸು ಜೀವಮಾನದಲ್ಲಿ ಒಮ್ಮೆ ಮಾತ್ರ ಹೇಳಬಲ್ಲ.

ಕಟ್ಟೆಯ ಮೇಲಿನ ಹಿಟ್ಟನ್ನು ಒಂದೆಡೆ ಗುಡಿಸಿದಳು.

“ಬೆಚ್ಚಗಿತ್ತಾ?”

“ಏನು?”

“ಪ್ಯಾಸ್ಟಿ. ಆ ಹೊತ್ತಿಗೆ.”

“ಬೆಚ್ಚಗಿತ್ತು.”

“ಹಾಗಾದ್ರೆ ಆ ಸಾಲು ಸುಳ್ಳಲ್ಲ,” ಎಂದಳು. ಕೈ ಒರೆಸಿಕೊಂಡಳು. “ನಾನು ಓದಿದ ದಿನಾನೇ ಯಾಕೆ ಹೇಳ್ಲಿಲ್ಲ ನೀವು? ಮುಂದಿನ ವಾರ ಕಟ್ಟಿಕೊಟ್ಟೆ, ಅದರ ಮುಂದಿನ ವಾರ ಕಟ್ಟಿಕೊಟ್ಟೆ. ಇಸ್ಕೊಂಡು ಹೋದ್ರಿ.”

ಬಾಗಿಲ ಕಡೆ ಹಿಂದೆ ಸರಿದೆ. ಅವಳು ಬಂದು ಬಾಗಿಲಿಗೆ ‘ಮುಚ್ಚಿದೆ’ ಬೋರ್ಡು ತಿರುಗಿಸಿದಳು. ನಾನು ಹೊರಗಿದ್ದೆ.

ಜನವರಿ 23, ಗುರುವಾರ

ಕೂಟಕ್ಕೆ ಮೆರಿನ್ ಬರಲಿಲ್ಲ. ಎರಡನೇ ತಾರೀಖಿನ ಭಾನುವಾರ ಓದುವುದಿಲ್ಲವೆಂದು ಫೋನ್ ಮಾಡಿದಳಂತೆ. ಕಾರಣ ಹೇಳಲಿಲ್ಲವಂತೆ. ಫಿಲಿಪ್ಪಾ ಕಂಗಾಲು. ಕಾರಣ ನಾನೇ ಹೇಳಿದೆ, ಎಲ್ಲವನ್ನೂ, ಬಿಸ್ಕತ್ತಿನ ಡಬ್ಬಿ ನೋಡುತ್ತಾ. ಹಾಸ್ಕಿನ್ ನಗಲಿಲ್ಲ. ಅವನು ನಕ್ಕಿದ್ದರೆ ಒಳ್ಳೆಯದಿತ್ತು.

“ಮೂವತ್ತು ಜನಕ್ಕೆ ಏನಂತ ಹೇಳ್ಲಿ?” ಎಂದಳು ಫಿಲಿಪ್ಪಾ.

“ಕಲ್ಲಿನ ವಿಷಯ ಬಿಡು,” ಎಂದ ಹಾಸ್ಕಿನ್. “ಆ ಹುಡುಗಿ ಇನ್ನು ಬರೀತಾಳಾ, ಅದನ್ನ ಹೇಳು.”

ಯಾರಿಗೆ ಗೊತ್ತು. ಇಂದಿನ ಚಿತ್ರ ಒಂದು ದೋಣಿ. ಯಾರೂ ಬರೆಯಲಿಲ್ಲ.

ಜನವರಿ 28, ಮಂಗಳವಾರ

ಬೇಕರಿಗೆ ಹೋಗಲಿಲ್ಲ. ಮೇಲಕ್ಕೂ ಹೋಗಲಿಲ್ಲ. ಗಂಜಿ ಕುಡಿದೆ, ಎರಡನೇ ಸಲ ಬಡಿಸಿಕೊಂಡೆ. ಲವ್ಡೇ ನನ್ನ ಹಣೆ ಮುಟ್ಟಿ ನೋಡಿದಳು.

ಮಧ್ಯಾಹ್ನ ಬಾಗಿಲ ಕೆಳಗಿನಿಂದ ಬೇಕರಿಯ ಕಾಗದದ ಚೀಲ ಒಳಕ್ಕೆ ಜಾರಿತು. ಖಾಲಿ. ಮೇಲೆ ಪೆನ್ಸಿಲ್ಲಿನಲ್ಲಿ: ‘ನಾಳೆ ಹತ್ತಕ್ಕೆ ಕಲ್ಲುಗಳ ಹತ್ತಿರ ಬನ್ನಿ. ಅದೇ ಕೋಟು. ಲವ್ಡೇಗೆ ಹೇಳಿ ಬನ್ನಿ.’

ಹೇಳಿದೆ. “ಸ್ಕಾರ್ಫ್ ಹಾಕ್ಕೊ,” ಎಂದಳು ಲವ್ಡೇ.

ಜನವರಿ 29, ಬುಧವಾರ. 10.35. ಕಲ್ಲುಗಳ ನಡುವೆ

ಕೂತೇ ಬರೆಯುತ್ತಿದ್ದೇನೆ. ಮಂಜಿಲ್ಲ. ಬಿಸಿಲಿದೆ, ಆದರೆ ಗಾಳಿ ಮೂಳೆಗೆ ನಾಟುತ್ತದೆ. ಮೆರಿನ್ ಕೆಂಪು ಕೋಟಿನಲ್ಲಿ ಬಂದಳು. ನಮಸ್ಕಾರವಿಲ್ಲ, ಚೆಲುವನಿಲ್ಲ.

“ಕೂತ್ಕೊಳ್ಳಿ. ಅವತ್ತು ಹೇಗೆ ಕೂತಿದ್ರೋ ಹಾಗೇ.”

ಕೂತೆ. ಅವಳು ಇಪ್ಪತ್ತು ಹೆಜ್ಜೆ ಆಚೆ ಹೋಗಿ ನಾಲ್ಕನೆಯ ಕಲ್ಲಿಗೆ ಒರಗಿದಳು, ಹಾಳೆ ತೆಗೆದಳು.

“ಒಂದು ವಾರ ನಿಮ್ಮನ್ನ ಬೈದೆ,” ಎಂದು ಕೂಗಿದಳು, ಗಾಳಿಯಲ್ಲೂ ಕೇಳಿಸಲೆಂದು. “ಆಮೇಲೆ ಮತ್ತೆ ಓದಿದೆ. ಕೂತೂ ಕೂತೂ ಕಲ್ಲಾದಳು ಅಂತ ಬರೆದಿದ್ದೆನಲ್ಲ, ಅದು ಕಲ್ಲಲ್ಲ, ನೀವೂ ಅಲ್ಲ. ನಾನೇ. ನಂಗೆ ಅದು ಇಷ್ಟ ಆಗ್ಲಿಲ್ಲ. ನಾನೇನು ಚಳೀಲಿ ಕೂತಿಲ್ಲ ಡೆನ್ಜಿಲ್. ಒಲೆ ಮುಂದೆ ನಿಂತಿದೀನಿ, ಇಡೀ ಊರು ನನ್ನ ಬಾಗಿಲಿಗೆ ಬರುತ್ತೆ. ಅದಕ್ಕೇ ಬೇರೆ ಬರ್ದಿದೀನಿ.”

“ಭಾನುವಾರ ಓದ್ತೀಯಾ?”

“ಓದ್ತೀನಿ. ಮೂವತ್ತು ಜನಕ್ಕೂ ಮೊದಲೇ ಹೇಳ್ತೀನಿ, ಯಾರು ಕೂತಿದ್ದು ಅಂತ. ಓದಿ ಮುಗಿಯೋವರೆಗೂ ನೀವು ಅಲ್ಲೇ ಕೂರ್ಬೇಕು. ಬಗ್ಗಿಕೊಂಡು.”

“ಎಷ್ಟು ಹೊತ್ತು?”

“ನಾಲ್ಕು ಪುಟ.”

ನಾಲ್ಕು ಪುಟ! ಎರಡು ಸಾಲಿನವಳು! ಮಂಡಿ ಹೋದರೆ ಹೋಗಲಿ ಎಂದೆ.

“ಮೊಣಕೈ ಅಲ್ಲಾಡ್ತಿದೆ! ಏನ್ ಮಾಡ್ತಿದೀರಿ? ಬರೀತಿದೀರಾ? ಪೆನ್ನು ಒಳಗಿಡಿ. ಮೊದಲು ನೀವು ಕೇಳಿ, ನಗು ಬರುತ್ತಾ ಇಲ್ವಾ ಅಂತ ಹೇಳಿ.”

ನಗು! ಮೆರಿನ್ ನಗೆಬರಹ ಬರೆದಿದ್ದಾಳೆ. ಓದಲು ಶುರು ಮಾಡಿದಳು. ಕೋಟಿನೊಳಗೆ ಕೈ ತೂರಿಸಿ, ಅವಳಿಗೆ ಕಾಣದಂತೆ, ಮೊದಲ ಸಾಲು ಮಾತ್ರ — “ಲೋಕದಲ್ಲಿ ಕಲ್ಲುಗಳು ಎರಡು ಬಗೆ. ದೇವರಿಗೆ ಹೆದರದೆ ಕುಣಿದು ಕಲ್ಲಾದವು ಒಂದು. ಇನ್ನೊಂದು, ಹೆಂಡತಿಗೆ ಹೆದರಿ ಕೂತು ಕಲ್ಲಾದವು.” ಮತ್ತೆ ಮೊಣಕೈ ಕಂಡಿತು, ಬರುತ್ತಿದ್ದಾಳೆ —