ದೊಡ್ಡವನಿಗೂ ಒಂದು ಕಾರು

ಪೋತಾರಾಂ, ರಾಚಬುರಿ
ಭಾನುವಾರ, ಆಗಸ್ಟ್ 18, ಬುದ್ಧಶಕ 2562

ಪ್ರೀತಿಯ ಮಗಳು ವಿಲೈಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಮ್ಮ? ಹೋದ ಸಲ ಹಿಮ್ಮಡಿ ನೋವು ಎಂದಿದ್ದೆ, ಕಡಿಮೆಯಾಯಿತೇ? ದಿನವಿಡೀ ನಿಂತು ಮಾಡುವ ಕೆಲಸ, ಮಲಗುವ ಮುಂಚೆ ಬಿಸಿನೀರಲ್ಲಿ ಕಾಲಿಟ್ಟುಕೋ ಎಂದರೆ ನೀನೆಲ್ಲಿ ಕೇಳುತ್ತೀಯ. ಅಳಿಯನ ಕೆಮ್ಮು ಹೇಗಿದೆ? ಸಿಗರೇಟು ಬಿಡಬೇಕಂತೆ, ಅತ್ತೆ ಹೇಳಿದರು ಎಂದು ಹೇಳು. ನಗುತ್ತಾನೆ, ಆದರೂ ಹೇಳು. ನನ್ನ ಮಂಡಿ ಮಳೆ ಬರುವ ಮುಂಚೆಯೇ ಸುದ್ದಿ ಕೊಡುತ್ತದೆ, ಅದೊಂದು ಬಿಟ್ಟರೆ ಚೆನ್ನಾಗಿದ್ದೇನೆ. ನಿನ್ನ ಮಗ ಪೂಮ್ ಎಂದಿನಂತೆ ಕುರೂಪಿ, ಒಣಮೀನಿನ ಹಾಗೆ ಇದ್ದಾನೆ. (ನಿಜ ಏನೆಂದು ನಿನಗೆ ಗೊತ್ತು. ಕಾಗದದಲ್ಲಿ ಹೊಗಳಿದರೂ ಕೇಳಿಸಿಕೊಂಡು ಕಣ್ಣು ಹಾಕುವ ಭೂತಗಳಿರುತ್ತವೆ.) ಅಮ್ಮಂದಿರ ದಿನ ಶಾಲೆಯಲ್ಲಿ ನಿನ್ನ ಜಾಗದಲ್ಲಿ ನಾನೇ ಕುರ್ಚಿಯ ಮೇಲೆ ಕೂತೆ. ಮಲ್ಲಿಗೆ ಹಾರ ಕೊಟ್ಟು ಕಾಲಿಗೆ ಬಿದ್ದವನು ಏಳುತ್ತಾ ಎಲ್ಲರಿಗೂ ಕೇಳುವ ಹಾಗೆ, "ಇವ್ರು ಅಮ್ಮ ಅಲ್ಲ, ಅಜ್ಜಿ. ಅಮ್ಮ ಫೋನಲ್ಲಿರೋದು" ಎಂದ. ಟೀಚರುಗಳೆಲ್ಲ ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ.

ಇವತ್ತು ಬೆಳಿಗ್ಗೆ ನೀನು ಫೋನ್ ಮಾಡಿದಾಗ ಪೂಮ್ ಪಕ್ಕದ ಮನೆಗೆ ಆಡಲು ಹೋಗಿದ್ದಾನೆ ಎಂದೆನಲ್ಲ, ಅವನನ್ನು ಅಲ್ಲಿಗೆ ಅಟ್ಟಿದ್ದು ನಾನೇ. ನಿನ್ನ ಜೊತೆ ಮಾತಾಡಲು ಬಿಟ್ಟರೆ ಏನು ಕೇಳಿಬಿಡುತ್ತಾನೋ ಎಂದು ಹೆದರಿದೆ. ಅವನಿಲ್ಲದಾಗ ಫೋನಿನಲ್ಲಿ ನಾನೇ ಹೇಳೋಣವೆಂದರೆ ನೀನು ಅರ್ಧಕ್ಕೇ ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹುಡುಗಿ ಮಂಗಳವಾರ ಸಮುದ್ರದಾಚೆಯ ನಿಮ್ಮ ಊರು ತಾಯ್‌ಚುಂಗ್‌ಗೇ ಕೆಲಸಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಇದನ್ನು ನಿಂತುಕೊಂಡು ಓದಬೇಡ, ಕೂತು ಓದು. ಮುಗಿಯುವ ತನಕ ನನ್ನ ಮೇಲೆ ಸಿಟ್ಟಾಗಬೇಡ.

ಮೊದಲು ಇದನ್ನು ಹೇಳಬೇಕು. ನಿನ್ನ ಮೊದಲ ಮಗ, ನಮ್ಮ ದೊಡ್ಡವನು ಹೋದ ಮೇಲೆ ನೀನು ಅವನ ಬಟ್ಟೆಯನ್ನೆಲ್ಲ ದೇವಸ್ಥಾನಕ್ಕೆ ಕೊಟ್ಟೆ, ಗೋಡೆಯ ಮೇಲಿನ ಫೋಟೋ ಇಳಿಸಿದೆ. ಹೊಟ್ಟೆಯಲ್ಲಿ ದಿನ ತುಂಬಿದ ಪೂಮ್ ಇದ್ದ. "ಹುಟ್ಟೋ ಮಗೂಗೆ ಇದ್ಯಾವುದೂ ಗೊತ್ತಾಗಬಾರ್ದು. ಈ ಮನೇಲಿ ಇನ್ನು ಆ ಹೆಸರು ಕೇಳಿಸಬಾರ್ದು" ಎಂದೆ. ನಾನು ಒಪ್ಪಿದೆ. ಹೆಸರು ಎತ್ತಲಿಲ್ಲ. ಆದರೆ ವಿಲೈ, ಆ ಮಗುವನ್ನು ಬರಿಗೈಯಲ್ಲಿ ಹೊರಗೆ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಹಿಂದಿನ ಅಡಿಗೆಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕ ಒಂದು ಪರದೆ ಕಟ್ಟಿ, ಅದರ ಹಿಂದೆ ಒಂದು ತಗ್ಗಾದ ಮಣೆ ಇಟ್ಟಿದ್ದೇನೆ. ಎತ್ತರ ಇಟ್ಟರೆ ಆ ಮಗುವಿನ ಕೈಗೆ ಎಟುಕುತ್ತದೆಯೇ? ಅವನ ಅಸ್ಥಿಯ ಒಂದು ಚೂರು, ಸ್ಟ್ರಾ ಹಾಕಿದ ಕೆಂಪು ಸೋಡಾ, ಒಂದು ಲೋಟ ಹಾಲು. ಪೂಮ್‌ಗೆ ಏನು ತಂದರೂ ಅಂಥದ್ದೇ ಇನ್ನೊಂದು ಅಲ್ಲಿಗೆ. ಚಡ್ಡಿಯಾದರೂ ಅಷ್ಟೆ, ಬಿಸ್ಕತ್ತಾದರೂ ಅಷ್ಟೆ. ಬಣ್ಣವೂ ಬೇರೆಯಾಗುವಂತಿಲ್ಲ. ಒಂದು ಸಲ ಪೂಮ್‌ಗೆ ನೀಲಿ ಚಪ್ಪಲಿ ತಂದು ಅವನಿಗೆ ಹಸಿರು ಇಟ್ಟಿದ್ದಕ್ಕೆ ಪೂಮ್ ಜ್ವರ ಬಂದು ಮಲಗಿದ. ನೀನು ನಂಬದಿದ್ದರೆ ಬಿಡು, ಹಾಸಿಗೆಯ ಪಕ್ಕ ಕೂತವಳು ನಾನು. ಪರದೆಯ ಹತ್ತಿರ ಹೋಗದಿರಲೆಂದು ಅಲ್ಲೊಂದು ದೊಡ್ಡ ಹಲ್ಲಿ ಇದೆ, ಕಚ್ಚಿದರೆ ಬಿಡುವುದಿಲ್ಲ ಎಂದು ಪೂಮ್‌ಗೆ ಹೆದರಿಸಿದ್ದೆ.

ಹುಟ್ಟಿದಹಬ್ಬಕ್ಕೆ ರಿಮೋಟ್ ಕಾರು ಕೊಡಿಸು ಎಂದು ನೀನು ಹೇಳಿದಾಗಿನಿಂದ ನನಗೆ ನೆಮ್ಮದಿ ಇಲ್ಲ. ಐದು ತುಂಬುತ್ತಿದೆ. ದೊಡ್ಡವನಿಗೂ ಐದೇ ಅಲ್ಲವೇ. ಅದೂ ಮಳೆಗಾಲದಲ್ಲೇ, ಡೆಂಗಿಯ ಕಾಲದಲ್ಲೇ. ಸೊಳ್ಳೆ ಬತ್ತಿ ಹಚ್ಚಿ ಹಚ್ಚಿ ಮನೆಯೆಲ್ಲ ಹೊಗೆ, ಪೂಮ್‌ನ ಹಣೆ ಮುಟ್ಟಿ ಮುಟ್ಟಿ ಅವನಿಗೂ ಸಾಕಾಗಿದೆ. ಈ ಹೆದರಿಕೆ ಹೊತ್ತುಕೊಂಡೇ ಮಾರ್ಕೆಟ್ಟಿನ ಸೆಂಗಣ್ಣನ ಅಂಗಡಿಗೆ ಹೋದೆ. ಪೂಮ್‌ನನ್ನು ಕರೆದೊಯ್ಯಲಿಲ್ಲ, ಎರಡು ಕೊಳ್ಳುವುದನ್ನು ಅವನು ನೋಡಬಾರದಲ್ಲ. ಅಲ್ಲಿ ಗೋಡೆ ತುಂಬ ಕಾರು. ನೆಲಕ್ಕೆ ಅಂಟಿಕೊಂಡು ಗುಂಡಿನಂತೆ ಓಡುವ ಒಂದನ್ನು ಓಡಿಸಿ ತೋರಿಸಿದ, ಅದು ಹೋಗಿ ಕುರ್ಚಿಯ ಕಾಲಿಗೆ ಗುದ್ದಿತು. ಇದರ ಹಿಂದೆ ಹುಡುಗ ರಸ್ತೆಗೇ ಓಡುತ್ತಾನೆ, ಬೇಡ ಎಂದೆ. ಕರೆಂಟಿಗೆ ಹಾಕಿ ಚಾರ್ಜ್ ಮಾಡುವ ಇನ್ನೊಂದು ತೆಗೆದ. ಬೆಂಕಿ ಹತ್ತಿದರೆ? ಬೇಡ. ಮೂರನೆಯದರ ರಿಮೋಟಿನಲ್ಲಿ ನಮ್ಮ ಟೀವಿಯದಕ್ಕಿಂತ ಹೆಚ್ಚು ಗುಂಡಿ. ಕೊನೆಗೆ ಕೆಂಪು ಬಣ್ಣದ್ದೊಂದು ಸಿಕ್ಕಿತು, ದೊಡ್ಡ ದೊಡ್ಡ ಮೆತ್ತನೆಯ ಚಕ್ರ, ನಿಧಾನದ ಓಟ, ಅವನ ಪುಟ್ಟ ಕೈಗೆ ಹಿಡಿಯುವ ರಿಮೋಟು, ಸಾದಾ ಸೆಲ್ಲು. ಇಂಥದ್ದೇ ಎರಡು ಕೊಡು ಎಂದೆ.

"ಅವಳಿ ಮೊಮ್ಮಕ್ಕಳೇನಮ್ಮ?" ಎಂದ. ಹ್ಞೂಂ ಎಂದುಬಿಟ್ಟೆ. ಅವನು ತಲೆ ಕೆರೆದುಕೊಂಡು, "ಒಂದೇ ಮನೆಗಾದ್ರೆ ಬೇರೆ ಬೇರೆ ತರದ್ದು ತಗೊಳ್ಳಿ. ಇವೆರಡೂ ಒಂದೇ ಕಡೆ ಇದ್ರೆ..." ಎಂದು ಶುರುಮಾಡಿದ. ನಾನು ಅವನಿಗೆ ಮಾತು ಮುಗಿಸಲು ಬಿಡಲಿಲ್ಲ. "ಉಳಿದಿರೋ ಮಾಲನ್ನ ನನ್ ತಲೆಗೆ ಕಟ್ಬೇಡ ಸೆಂಗಣ್ಣ, ಎರಡೂ ಒಂದೇ ತರದ್ದು ಬೇಕು ಅಂದ್ರೆ ಒಂದೇ ತರದ್ದು" ಎಂದೆ. ಅವನು ಮೂಗು ಮುರಿದು ಕಟ್ಟಿಕೊಟ್ಟ. ಎರಡಕ್ಕೂ ಸೆಲ್ಲು ಹಾಕಿಸಿದೆ. ಸೆಲ್ಲಿಲ್ಲದ ಆಟಿಕೆ ಮುಂದಿಟ್ಟು ಸತ್ತ ಮಗುವಿಗೆ ಮೋಸ ಮಾಡಲೇ? ಮನೆಗೆ ಬಂದು ದೊಡ್ಡವನ ಕಾರಿನ ಹೊಟ್ಟೆಯಡಿಯ ಗುಂಡಿ ಒತ್ತಿ, ಮಣೆಯ ಮೇಲಿಟ್ಟು, ರಿಮೋಟನ್ನು ಪಕ್ಕದಲ್ಲೇ ಇಟ್ಟು ಕೈಮುಗಿದೆ. ತಮ್ಮನ ಹುಟ್ಟಿದಹಬ್ಬ, ನೀನೂ ಆಡಿಕೋ, ಅವನ ತಂಟೆಗೆ ಬರಬೇಡ ಎಂದು ಬೇಡಿಕೊಂಡೆ.

ಆ ಸಂಜೆ ಪೂಮ್ ಮುಂದಿನ ಕೋಣೆಯಲ್ಲಿ ಕಾರು ಬಿಟ್ಟುಕೊಂಡು ಕೇಕೆ ಹಾಕುತ್ತಿದ್ದ. ನಾನು ಹಿಂದೆ ಅವನಿಗೆಂದು ನೂಡಲ್ ಬೇಯಿಸುತ್ತಿದ್ದೆ. ಪರದೆಯ ಹಿಂದಿನಿಂದ ಗಿರ್ ಎಂದು ಸದ್ದು ಬಂತು. ಪರದೆ ಸರಿಸಿದರೆ ದೊಡ್ಡವನ ಕಾರಿನ ಚಕ್ರ ತಾನಾಗಿ ತಿರುಗುತ್ತಿದೆ. ಸೋಡಾ ಬಾಟಲಿಗೆ ಗುದ್ದಿ ಉರುಳಿಸಿ ನಿಂತಿತು. ಕೆಂಪು ಸೋಡಾ ಮಣೆಯಿಂದ ನೆಲಕ್ಕೆ ಹರಿಯಿತು. ರಿಮೋಟು ನಾನಿಟ್ಟ ಜಾಗದಲ್ಲೇ ಇದೆ, ಯಾರೂ ಮುಟ್ಟಿಲ್ಲ. ನನ್ನ ಜೀವ ಬಾಯಿಗೆ ಬಂತು ವಿಲೈ. ನೋಡನೋಡುತ್ತಿದ್ದಂತೆ ಮತ್ತೆ ಗಿರ್ ಎಂದಿತು.

ಆಮೇಲೆ ಗಮನಿಸಿದೆ. ಪೂಮ್ ಆಡಿದಾಗ ಇದೂ ಆಡುತ್ತದೆ, ಪೂಮ್ ನಿಲ್ಲಿಸಿದರೆ ಇದೂ ನಿಲ್ಲುತ್ತದೆ. ಅಂದರೆ ಅಣ್ಣತಮ್ಮ ಒಟ್ಟಿಗೆ ಆಡುತ್ತಿದ್ದಾರೆ. ಹೋದವರು ಇದ್ದವರ ಜೊತೆ ಆಟಕ್ಕೆ ಇಳಿದರೆ ಆಮೇಲೆ ಜೊತೆಗೇ ಬಾ ಎಂದು ಕರೆಯುತ್ತಾರೆಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ನಿನಗೂ ಹೇಳಿದ್ದೇನೆ, ನೀನು ನಕ್ಕಿದ್ದೆ. ಐದನೇ ವರ್ಷ, ಇದೇ ತಿಂಗಳು, ಇವನನ್ನೂ ಕರೆಯಲು ಬಂದನೇ ಎಂದು ರಾತ್ರಿಯಿಡೀ ಅವನ ಪಕ್ಕ ಎಚ್ಚರವಾಗಿ ಕೂತೆ. ಬೆಳಗಾದ ಕೂಡಲೇ ದೇವಸ್ಥಾನದ ಗುರುಗಳ ಹತ್ತಿರ ಓಡಿ ಮಂತ್ರಿಸಿದ ದಾರ ತಂದು ಪೂಮ್‌ನ ಕೈಗೆ ಕಟ್ಟಿದೆ. ಅವನ ಕಾರು ಕೆಟ್ಟಿದೆ ಎಂದು ಸುಳ್ಳು ಹೇಳಿ ಬೀರುವಿನ ಮೇಲೆ ಬಚ್ಚಿಟ್ಟೆ. ಎರಡು ದಿನ ಮುಖ ಊದಿಸಿಕೊಂಡು ಕೂತ, ನಾನು ಕರಗಲಿಲ್ಲ. ದೊಡ್ಡವನ ಕಾರನ್ನು ತೆಗೆಯಲು ಮಾತ್ರ ಧೈರ್ಯ ಬರಲಿಲ್ಲ, ಕೊಟ್ಟದ್ದನ್ನು ಕಿತ್ತುಕೊಂಡರೆ ಇನ್ನೆಷ್ಟು ಸಿಟ್ಟು ಬರುತ್ತದೋ. ಮಣೆಯ ಮೇಲೆ ಜಾಗ ಸಾಲದೆ ಸೋಡಾ ಉರುಳಿಸಿರಬೇಕು ಎಂದುಕೊಂಡು ಅದನ್ನು ನೆಲಕ್ಕಿಳಿಸಿ, ಸುತ್ತ ಗುಡಿಸಿ, ಆಡಲು ಜಾಗ ಮಾಡಿಕೊಟ್ಟೆ. ನನ್ನ ಬುದ್ಧಿ ನೋಡು.

ಶುಕ್ರವಾರ ಸಂಜೆ ಮೀನು ಹುರಿಯುತ್ತಿದ್ದೆ. ನಿನ್ನ ಮಗ ಕುರ್ಚಿ ಹತ್ತಿ ಕಾರು ಇಳಿಸಿಕೊಂಡದ್ದು ನನಗೇನು ಗೊತ್ತು. ಪರದೆ ಅಲ್ಲಾಡಿತು. ದೊಡ್ಡವನ ಕಾರು ಅದರಡಿಯಿಂದ ನುಸುಳಿ ಈಚೆ ಬಂತು. ನನ್ನ ಕಾಲ ಪಕ್ಕದಲ್ಲೇ ಹಾದು, ಬಾಗಿಲು ದಾಟಿ, ಸೀದಾ ಪೂಮ್ ಇದ್ದ ಕೋಣೆಗೆ ಹೊರಟಿತು. ಕೈಯಲ್ಲಿದ್ದ ಸೌಟು ಬಿಸಾಡಿ ಹಿಂದೆ ಓಡಿದೆ. ಈ ಮಂಡಿ ಇಟ್ಟುಕೊಂಡು ನಾನು ಓಡಿದೆ ಎಂದರೆ ನೋಡಿಕೋ. ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿದೆ. ಎರಡು ಕೆಂಪು ಕಾರು ನೆಲದ ಮೇಲೆ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಪೂಮ್ ಒಂಚೂರೂ ಹೆದರಲಿಲ್ಲ. "ಅಜ್ಜಿ, ಇದ್ಯಾರ್ದು?" ಎಂದ. ಸೆಂಗಣ್ಣಂದು, ಪಕ್ಕದ ಮನೆಯವರದ್ದು, ಏನು ಬೇಕಾದರೂ ಹೇಳಬಹುದಿತ್ತು. ಹೆದರಿಕೆಗೆ ಬಾಯಿಂದ ನಿಜವೇ ಬಂತು. "ನಿನ್ನ ಅಣ್ಣಂದು" ಎಂದೆ.

ಹೇಳಿದ ಮೇಲೆ ಮುಚ್ಚುವುದು ಹೇಗೆ? ಕೈ ಹಿಡಿದು ಕರೆದೊಯ್ದು ಪರದೆ ಸರಿಸಿ ತೋರಿಸಿದೆ. ಹಲ್ಲಿ ಎಲ್ಲಿ ಎಂದ, ಇಲ್ಲ ಎಂದೆ. ಅಣ್ಣ ಎಲ್ಲಿ ಎಂದ, ನೀನು ಹುಟ್ಟುವ ಮುಂಚೆ ಜ್ವರ ಬಂದು ಹೋಗಿಬಿಟ್ಟ ಎಂದೆ. ಚಪ್ಪಲಿ, ಚಡ್ಡಿ, ಬಿಸ್ಕತ್ತು ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದ, ಒಂದೂ ಬೇಕು ಎನ್ನಲಿಲ್ಲ. "ಅಣ್ಣಂಗೆ ಎಷ್ಟು ವರ್ಷ?" ಎಂದ. ಐದು ಎಂದೆ. ಬೆರಳು ಮಡಿಸಿ ಎಣಿಸಿದ. "ನಂಗೂ ಐದು. ಬರೋ ವರ್ಷ ನಂಗೆ ಆರಾಗುತ್ತೆ. ಆಗ ನಾನೇ ಅಣ್ಣ" ಎಂದ. ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕೂತು ಅತ್ತುಬಿಟ್ಟೆ. ಬರೋ ವರ್ಷ ಎಂದು ಅವನು ಎಷ್ಟು ಸಲೀಸಾಗಿ ಹೇಳಿದ, ನನಗೆ ಈ ತಿಂಗಳು ದಾಟಿದರೆ ಸಾಕಾಗಿದೆ. ಒಲೆಯ ಮೇಲೆ ಮೀನು ಸೀದು ಕರಿಯಾಯಿತು.

ನಿನ್ನೆ ಎರಡು ಕಾರನ್ನೂ ಚೀಲಕ್ಕೆ ಹಾಕಿಕೊಂಡು, ಪೂಮ್‌ನ ಜೊತೆ ಸೆಂಗಣ್ಣನಲ್ಲಿಗೆ ಹೋದೆ. ಭೂತ ಹೊಕ್ಕ ಮಾಲು ಮಾರಿದ್ದೀಯ ಎಂದು ಜಗಳ ತೆಗೆದೆ. ಅವನು ಎರಡನ್ನೂ ನೆಲದ ಮೇಲಿಟ್ಟು ಒಂದು ರಿಮೋಟು ಒತ್ತಿದ, ಎರಡೂ ಓಡಿದವು. "ಒಂದೇ ತರದ್ದು ಅಂದ್ರೆ ಒಂದೇ ಅಲೆ ಮೇಲೆ ಓಡ್ತವೆ ಕಣಮ್ಮ. ಯಾವ ರಿಮೋಟ್ ಒತ್ತಿದ್ರೂ ಎರಡೂ ಕೇಳಿಸ್ಕೊಳ್ತವೆ. ಅವತ್ತೇ ಹೇಳೋಕೆ ಬಂದೆ, ನೀವು ನನ್ನ ಬಾಯಿ ಮುಚ್ಸಿದ್ರಿ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಉಸಿರು ಬಂತು. ಒಂದನ್ನು ಬದಲಾಯಿಸಿಕೊಡುತ್ತೇನೆ ಎಂದ. ಪೂಮ್ ಎರಡನ್ನೂ ಎದೆಗೆ ಅವುಚಿಕೊಂಡು ಕೊಡಲೇ ಇಲ್ಲ. "ಬೇರೆ ಆದ್ರೆ ಅಣ್ಣಂದು ಓಡಲ್ಲ. ನಾನು ಓಡ್ಸಿದ್ರೇನೇ ಅದು ಓಡೋದು" ಎಂದ. ಈಗ ಪರದೆಯನ್ನು ಅವನೇ ಕಿತ್ತುಹಾಕಿದ್ದಾನೆ. ಬೆಳಿಗ್ಗೆ ಎದ್ದರೆ ಹಾಲಿನ ಲೋಟ ಅವನೇ ಇಡಬೇಕು.

ಅಲೆಯಿಂದ ಓಡುತ್ತದೆ ಎಂದು ನನಗೆ ಅರ್ಥವಾಗಿದೆ. ಆದರೂ ಕೈಯ ದಾರ ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಹಣೆ ತಣ್ಣಗಿದೆ, ಈಗಷ್ಟೇ ನೋಡಿದೆ. ದೊಡ್ಡವನ ಹೆದರಿಕೆ ಹೋದಮೇಲೆ ನಿನ್ನ ಹೆದರಿಕೆ ಶುರುವಾಗಿದೆ ನನಗೆ. ನಿನ್ನ ಮಾತು ಮೀರಿ ಮಣೆ ಇಟ್ಟವಳು, ಬಾಯಿ ತಪ್ಪಿ ಹೇಳಿದವಳು, ಎರಡೂ ನಾನೇ. ಎಷ್ಟು ಬೇಕಾದರೂ ಬೈಯಿ. ಆದರೆ ಹುಡುಗನನ್ನು ಬೈಯಬೇಡ, ಮಣೆ ತೆಗೆ ಎನ್ನಬೇಡ. ಈಗ ತೆಗೆದರೆ ಅಣ್ಣನನ್ನು ಎಲ್ಲಿಗೆ ಕಳಿಸಿದಿರಿ ಎಂದು ಕೇಳುತ್ತಾನೆ.

ಅಳಿಯನಿಗೆ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟಮಾಡಿ. ನೀವಿಬ್ಬರೂ ಇರುವಲ್ಲಿ ಬುದ್ಧದೇವ ನಿಮ್ಮನ್ನು ತಣ್ಣಗಿಟ್ಟಿರಲಿ. ಹುಡುಗಿಯ ಕೈಯಲ್ಲಿ ಒಂದು ಡಬ್ಬ ಮೆಣಸಿನ ಚಟ್ನಿಯನ್ನೂ ಕಳಿಸಿದ್ದೇನೆ, ಖಾರ ಜಾಸ್ತಿ, ಅಳಿಯನ ಕೆಮ್ಮಿಗೆ ಆಗುವುದಿಲ್ಲ, ನೀನೊಬ್ಬಳೇ ತಿನ್ನು.

ಇಂತು ನಿನ್ನ ಅಮ್ಮ

ಮತ್ತೆ: ಪೂಮ್ ಬರುತ್ತಿದ್ದಾನೆ, ಚಪ್ಪಲಿ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಶುಕ್ರವಾರದಿಂದ ಅವನು ಒಂದೇ ಮಾತು ಕೇಳುತ್ತಿದ್ದಾನೆ, ಅಣ್ಣನ ಹೆಸರೇನು ಎಂದು. ನಾನು ಹೇಳಿಲ್ಲ. ಈ ಕಾಗದದಲ್ಲೂ ಬರೆದಿಲ್ಲ ನೋಡು. ನೀನು ಇಟ್ಟ ಹೆಸರು, ಅಮ್ಮನನ್ನೇ ಕೇಳು ಎಂದಿದ್ದೇನೆ. ಬರುವ ಭಾನುವಾರ ಅವನನ್ನು ಎಲ್ಲಿಗೂ ಕಳಿಸುವುದಿಲ್ಲ, ಫೋನ್ ಎತ್ತಿದ ಕೂಡಲೇ ಅದನ್ನೇ ಕೇಳುತ್ತಾನೆ. ಅಳು ಬಂದರೆ ಅತ್ತುಬಿಡು, ನಿನ್ನ ಮಗ ಕಾಯುತ್ತಾನೆ. ಫೋನ್ ಮಾತ್ರ ಇಡಬೇಡಮ್ಮ.