ಎಡಕ್ಕೆ ತಿರುಗಿ, ತಕ್ಷಣ

ಲಗ್ಗೆರೆ,
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ ಮೇಲೂ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಅನುಸೂಯತ್ತೆಯ ಮನೆಯ ನೀರಿನ ಕ್ಯಾನು ನಿಮ್ಮ ಕೈಯಲ್ಲಿ ಕಂಡಿತೆಂದರೆ ನಾನೇ ಮೈಸೂರಿಗೆ ಬಂದು ಕೂರುತ್ತೇನೆ. ಅತ್ತೇ, ಇದನ್ನು ಓದಿ ಹೇಳುವವರು ನೀವೇ ಎಂದು ಗೊತ್ತು. ನಡುವೆ ನಿಲ್ಲಿಸಿ ಅಳಬೇಡಿ, ನಾನು ಚೆನ್ನಾಗಿದ್ದೇನೆ.

ಅಪ್ಪಾ, ಫೋನಿನಲ್ಲಿ ನೀವು ನನಗೆ ಮಾತನಾಡಲು ಬಿಡಲಿಲ್ಲ, ಅದಕ್ಕೇ ಈ ಕಾಗದ. ಕಳೆದ ಮಂಗಳವಾರ ಬೆಳಿಗ್ಗೆ ರಾಡಾರ್ ಪರದೆಯ ಮುಂದೆ ವಿಮಾನಗಳಿಗೆ ದಾರಿ ಹೇಳುತ್ತಾ ಕೂತಿದ್ದೆ. ಪ್ರಯಾಣಿಕರ ವಿಮಾನವೊಂದು ಇಳಿಯುತ್ತಾ ನಮ್ಮ ಪೀಣ್ಯದ ಮೇಲೆ ಬರುತ್ತಿತ್ತು. ಅದರ ಕೆಳಗಿದ್ದ ತರಬೇತಿಯ ಪುಟ್ಟ ವಿಮಾನ ನಾನು ಹೇಳಿದ ಎತ್ತರದಲ್ಲಿ ನಿಲ್ಲದೆ ಏರತೊಡಗಿತು. ಏರಬೇಡಿ ಎಂದೆ, ಉತ್ತರವಿಲ್ಲ. ಮತ್ತೆ ಕರೆದೆ, ಇಲ್ಲ. ಆಗ ದೊಡ್ಡ ವಿಮಾನಕ್ಕೆ ಹೇಳಿದೆ: ಎಡಕ್ಕೆ ತಿರುಗಿ, ತಕ್ಷಣ. ನಮ್ಮಲ್ಲಿ ‘ತಕ್ಷಣ’ ಎನ್ನುವುದು ಸುಮ್ಮನೆ ಬಾಯಿಗೆ ಬರುವ ಮಾತಲ್ಲ. ಅದನ್ನು ಕೇಳಿದ ಪೈಲಟ್ ಯಾಕೆ ಎನ್ನುವುದಿಲ್ಲ, ಮೊದಲು ತಿರುಗಿಸುತ್ತಾನೆ. ತಿರುಗಿಸಿದ. ನೂರ ಎಪ್ಪತ್ತು ಜನ ಇಳಿದು ಮನೆಗೆ ಹೋದರು. ಬೆಲ್ಟ್ ಬಿಚ್ಚಿಕೊಂಡು ಎದ್ದು ನಿಂತಿದ್ದ ದೊಡ್ಡ ಮನುಷ್ಯರೊಬ್ಬರು ಬಿದ್ದು ಮುಂಗೈ ಮುರಿದುಕೊಂಡರು. ದೂರು ಅವರದೇ.

ಪರದೆಯ ಎಚ್ಚರಿಕೆ ಗಂಟೆ ಹೊಡೆಯುವ ಮೊದಲೇ ನಾನು ತಿರುಗಿಸಿದೆನಂತೆ! “ಗಾಬರೀಲಿ ಹೇಳ್ಬಿಟ್ಟೆ, ಕ್ಷಮಿಸಿ ಅಂತ ಒಂದ್ ಸೈನ್ ಹಾಕ್ಬಿಡಿ ಮೇಡಂ, ಕೇಸ್ ಕ್ಲೋಸ್” ಎಂದು ಮೇಲಧಿಕಾರಿ ಶ್ರೀಕಾಂತ್ ಸಾರ್ ಕಾಗದ ಮುಂದಿಟ್ಟರು. ನಾಳೆ ಹತ್ತು ಗಂಟೆಯೊಳಗೆ ಸಹಿಯಾಗದಿದ್ದರೆ ನನ್ನನ್ನು ಮೈಕಿನ ಮುಂದಿನಿಂದ ಎಬ್ಬಿಸಿ ಫೈಲುಗಳ ಕೋಣೆಗೆ ಕಳಿಸುತ್ತಾರೆ. ಗಾಬರಿಯಂತೆ ಗಾಬರಿ! ನನ್ನ ದನಿ ರೆಕಾರ್ಡ್ ಆಗಿದೆ, ಕೇಳಲಿ. ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವ ದನಿ ಅದು. ಗಂಟೆ ಹೊಡೆಯುವವರೆಗೆ ಕಾಯುವುದಾದರೆ ಅಲ್ಲಿ ಮನುಷ್ಯರನ್ನು ಯಾಕೆ ಕೂರಿಸಬೇಕು?

ಇದನ್ನು ಕಲಿಸಿದವರು ನೀವೇ. ನಿಮ್ಮ ಕಾರ್ಖಾನೆಯಲ್ಲಿ ಕ್ರೇನಿಗೆ ಏರಿಸು, ಇಳಿಸು ಎಂದು ಕೈಸನ್ನೆ ಮಾಡುವ ಹಕ್ಕು ನಿಮ್ಮೊಬ್ಬರದಾಗಿತ್ತು. ಆದರೆ ನಿಲ್ಲಿಸು ಎಂದು ಕಸ ಗುಡಿಸುವ ಮಾರಕ್ಕ ಕೂಗಿದರೂ ಕ್ರೇನು ನಿಲ್ಲಬೇಕಿತ್ತು. ನಿಮ್ಮ ಜೊತೆ ಕೆಲಸಕ್ಕಿದ್ದ ಚಿಕ್ಕಮುನಿಯಪ್ಪನವರ ತಲೆಯ ಮೇಲೆ ಸರಪಳಿ ಸಡಿಲವಾದದ್ದನ್ನು ಕಂಡು ನೀವು ನಿಲ್ಲಿಸಿದ ಕಥೆ ಎಷ್ಟು ಸಲ ಹೇಳಿಲ್ಲ! ನಿಲ್ಲಿಸಿದ್ದರಿಂದ ಏನೂ ಬೀಳಲಿಲ್ಲ. ಏನೂ ಬೀಳಲಿಲ್ಲವಲ್ಲ, ಸುಮ್ಮನೆ ಕೆಲಸ ಕೆಡಿಸಿದೆ ಎಂದು ಸಾಹೇಬರು ನಿಮ್ಮಿಂದಲೂ ತಪ್ಪೊಪ್ಪಿಗೆ ಕೇಳಿದರು. ಮೊನ್ನೆ ಫೋನಿನಲ್ಲಿ “ನಾನೂ ಸಹಿ ಹಾಕ್ದೆ ಕಣಮ್ಮ, ನನ್ನ ಗಂಟೇನ್ ಹೋಯ್ತು? ಹಾಕ್ಬಿಡು” ಎಂದಿರಿ. ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂತು ಅಪ್ಪಾ. ನೀವು ಹೇಳಿದರೂ ನಾನು ಸಹಿ ಹಾಕುವುದಿಲ್ಲ.

ಅತ್ತೆಗೆ ನಮಸ್ಕಾರ. ಕಣ್ಣಿಗೆ ಹನಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ. ನಿಮ್ಮ ಆಶೀರ್ವಾದ ಬೇಕು, ಅನುಮತಿ ಬೇಡ.

ನಿಮ್ಮ ಹಟಮಾರಿ ಮಗಳು,
ನಿವೇದಿತಾ

ಬರೆದು ಮುಗಿಸಿದ ಮೇಲೆ: ಲಕೋಟೆ ಅಂಟಿಸುವಷ್ಟರಲ್ಲಿ ಚಿಕ್ಕಮುನಿಯಪ್ಪನವರು ನಿಮ್ಮ ಕಣ್ಣು ವಿಚಾರಿಸಲು ಬಂದರು. ನಿಮ್ಮ ಸಹಿಯ ಮಾತೆತ್ತಿದೆ. ಬಿದ್ದು ಬಿದ್ದು ನಕ್ಕರು. “ಸಹಿನಾ? ನಿಮ್ಮಪ್ಪನಾ? ಆ ಕಾಗ್ದಾನ ಮಡಚಿ, ಸಾಹೇಬ್ರ ಮುಂದೇನೇ ಜೇಬಲ್ಲಿ ಇಟ್ಕಂಡು ಎದ್ದ್ ಬಂದ. ಅದ್ಕೇ ಏಳ್ ವರ್ಸ ಬಡ್ತಿ ಸಿಗ್ಲಿಲ್ಲ.” ನನ್ನ ಕೆಲಸ ಉಳಿಯಲೆಂದು ಸುಳ್ಳು ಹೇಳಿದಿರಾ ಅಪ್ಪಾ? ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಾನೂ ನನ್ನ ಕಾಗದ ಮಡಚಿಕೊಂಡು ಎದ್ದು ಬಂದಿರುತ್ತೇನೆ. ಅತ್ತೇ, ಇದೊಂದನ್ನು ಎರಡು ಸಲ ಓದಿ ಹೇಳಿ.