ಹಳದಿ ಕೆಳಗೆ, ಕೆಂಪು ಮೇಲೆ

ಮಾರ್ಚ್ 4, ಬೆಳಿಗ್ಗೆ 8

ಕ್ರ್ಯಾಂಕ್ ಕೇಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಇಟ್ಟೆ. ಕೈ ಇನ್ನೂ ನಾರುತ್ತಿದೆ. ಎಂಜಿನ್ನಿನ ಈ ಕೆಳಗಿನ ಅರ್ಧ ಹಳದಿ ಕಂಪನಿಯದು — ನಮ್ಮ ಎಟಿವಿಯದೇ. ಮೇಲಿನ ಸಿಲಿಂಡರ್ ಕೆಂಪು ಕಂಪನಿಯ ರೇಸ್ ಬೈಕಿನದು, ಗುಜರಿಯಲ್ಲಿ ಸಿಕ್ಕಿದ್ದು. ಪಿಸ್ಟನ್ ಮೂರನೆಯವರದು. ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಹಳದಿಯವರು ಈ ಟೂ-ಸ್ಟ್ರೋಕ್ ನಿಲ್ಲಿಸಿ ಹದಿನೈದು ವರ್ಷ. ಬೇರೆ ದಾರಿ ಇಲ್ಲ.

ಬೆಟ್ಟದ ಮೇಲಿನ ಮೊಬೈಲ್ ಟವರಿನ ಜನರೇಟರಿಗೆ ಡೀಸೆಲ್ ಒಯ್ಯುವುದು ನಮ್ಮ ಯಜಮಾನರ ಕೆಲಸ. ಆ ಕಲ್ಲುದಾರಿಯನ್ನು ಜೀಪು ಹತ್ತುವುದಿಲ್ಲ. ನಾಲ್ಕು ದಪ್ಪ ಚಕ್ರದ ಈ ಗಾಡಿಯೇ ಬೇಕು. ಜನವರಿಯಲ್ಲಿ ಏರಿನ ನಡುವೆ ಪಿಸ್ಟನ್ ಜಾಮ್ ಆಯಿತು. ಹಿಂದಿನ ಚಕ್ರಗಳು ಕಚ್ಚಿಕೊಂಡವು. ಗಾಡಿ ಮಗುಚಿತು. ಇವರ ಕೊರಳೆಲುಬು ಎರಡು ತುಂಡು.

ಆ ಎಂಜಿನ್ ಕಟ್ಟಿದ್ದೂ ನಾನೇ.

ಅಂದಿನಿಂದ ಆಳುಗಳು ಕ್ಯಾನು ಹೊತ್ತರು. ಈಗ ಅವರೂ ಒಲ್ಲೆ ಎಂದಿದ್ದಾರೆ. ಟವರಿನಲ್ಲಿ ಡೀಸೆಲ್ ಇಪ್ಪತ್ತನೇ ತಾರೀಖಿನವರೆಗೆ. ಅದು ನಿಂತರೆ ಬೆಟ್ಟದಾಚೆಯ ಎಂಟು ಹಳ್ಳಿಗೆ ಆಂಬ್ಯುಲೆನ್ಸ್ ಕರೆಯಲೂ ಫೋನ್ ಇಲ್ಲ.

ಮಾರ್ಚ್ 6

ಕೆಂಪು ಸಿಲಿಂಡರಿನ ಬೋಲ್ಟು ಹಳದಿ ಕೇಸಿನ ತೂತಿಗೆ ಕೂರುವುದಿಲ್ಲ. ನಡುವೆ ಆರು ಮಿಲಿಮೀಟರಿನ ಅಲ್ಯುಮಿನಿಯಂ ಪ್ಲೇಟು ಬೇಕು. ಮಾವ ಲೇತಿಗೆ ನಿಂತರು. ಎಪ್ಪತ್ತೊಂದಾದರೂ ಆ ಲೇತನ್ನು ಬೇರೆಯವರು ಮುಟ್ಟುವಂತಿಲ್ಲ.

"ಹೆಣ್ಣಿನ ಊರು ಒಂದು, ಗಂಡಿನ ಊರು ಇನ್ನೊಂದು. ಮಧ್ಯಸ್ಥ ನಾನು," ಎಂದು ಪ್ಲೇಟನ್ನು ನನ್ನ ಕೈಗಿಟ್ಟರು. "ಸಂಬಂಧ ಗಟ್ಟಿ ಕಣಮ್ಮ. ಕೂದಲೆಳೆ ಆಚೀಚೆ ಇಲ್ಲ."

ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಳೆಯಲಿಲ್ಲ. ಅವರ ಮುಂದೆ ಅವರ ಕೆಲಸವನ್ನು ಅಳೆಯುವುದು ಹೇಗೆ?

ಮಾರ್ಚ್ 9, ಮಧ್ಯಾಹ್ನ 2

ಬೆಸುಗೆ ತಂತಿಯ ಪರೀಕ್ಷೆ. ಪ್ಲಗ್ ತೂತಿನಿಂದ ತಂತಿ ಇಳಿಸಿ ಎಂಜಿನ್ ಒಂದು ಸುತ್ತು ತಿರುಗಿಸಿದರೆ ಪಿಸ್ಟನ್ ಅದನ್ನು ಹೆಡ್ಡಿಗೆ ಒತ್ತಿ ಚಪ್ಪಟೆ ಮಾಡುತ್ತದೆ. ಉಳಿದ ದಪ್ಪವೇ ನಡುವಿನ ಜಾಗ. ಎಲ್ಲ ಕಡೆ ಒಂದೇ ಇರಬೇಕು.

ಎಡಕ್ಕೆ 1.3 ಮಿಲಿಮೀಟರ್. ಬಲಕ್ಕೆ 1.0.

ನನ್ನದೇ ತಪ್ಪಿರಬೇಕು. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ನಾಲ್ಕು ಸಲ. 1.3, 1.0.

ಸಂಜೆ 5

ಪ್ಲೇಟ್ ಅಳೆದೆ. ಒಂದು ಅಂಚು 6.2, ಇನ್ನೊಂದು 5.8. ಸಿಲಿಂಡರ್ ಓರೆಯಾಗಿ ನಿಂತಿದೆ. ಬಿಸಿಯಾದರೆ ಪಿಸ್ಟನ್ ಒಂದೇ ಬದಿಗೆ ಉಜ್ಜುತ್ತದೆ... ಆಮೇಲೆ ಜನವರಿಯ ಕಥೆಯೇ.

ಮೈಕ್ರೋಮೀಟರ್ ಇಟ್ಟುಬರಲು ಹೋದೆ. ಮಾವ ಕಿಟಕಿಯ ಪಕ್ಕದಲ್ಲೇ ಇದ್ದರು, ಮುಖದ ಮೇಲೆ ಬಿಸಿಲು. "ಬೆಳಕೇ ಇಲ್ಲ ನೋಡು. ಈ ಡ್ರಿಲ್ ಎಷ್ಟರದು, ಸ್ವಲ್ಪ ಓದಿ ಹೇಳು," ಎಂದರು.

ಓದಿ ಹೇಳಿದೆ. ಪ್ಲೇಟಿನ ವಿಷಯ ಹೇಳದೆ ಬಂದೆ.

ಮಾರ್ಚ್ 11

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತೆಳು ಬದಿಗೆ ಎರಡು ಪದರ ಗ್ಯಾಸ್ಕೆಟ್, ಮೇಲೆ ಪೇಸ್ಟ್. ಸೋರುತ್ತದೋ ಎಂದು ಗಾಳಿ ತುಂಬಿ ನೋಡಿದೆ — ಆರು ನಿಮಿಷ ಗೇಜಿನ ಮುಳ್ಳು ಇಳಿಯಲಿಲ್ಲ. ಮೂರನೇ ಕಿಕ್ಕಿಗೆ ಸ್ಟಾರ್ಟ್. ಶೆಡ್ಡಿನ ತುಂಬ ನೀಲಿ ಹೊಗೆ. ಮಾವ ಕೆಮ್ಮುತ್ತಲೇ ನಕ್ಕರು. ಇವರು ನನ್ನ ಬೆನ್ನು ತಟ್ಟಿದರು.

ಮಾರ್ಚ್ 12

ಬರೆಯುವುದಕ್ಕೆ ಏನೂ ಇಲ್ಲ.

ಮಾರ್ಚ್ 14, ಸಂಜೆ 6

ಇವರು ಹಿಂದಿನ ಬಯಲಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದರು. ಇಳಿದು, "ಹುಲಿ ಕಣೇ ಇದು. ನಾಡಿದ್ದೇ ಹೊರಡ್ತೀನಿ," ಎಂದರು.

ಸೈಲೆನ್ಸರ್ ಬಿಚ್ಚಿ ಸಿಲಿಂಡರಿನ ಹೊಗೆಕಿಂಡಿಯೊಳಗೆ ಟಾರ್ಚ್ ಹಿಡಿದೆ. ಪಿಸ್ಟನ್ನಿನ ಬಲಮಗ್ಗುಲಿಗೆ ಹೆಬ್ಬೆರಳಗಲದ ಗೀರು. ಬೂದು ಬಣ್ಣ.

"ಹೊಸದಲ್ವಾ, ಉಜ್ಜಿ ಉಜ್ಜಿ ಕೂರುತ್ತೆ ಬಿಡು."

"ಕೂರಲ್ಲ ರೀ. ಪ್ಲೇಟ್ ಓರೆ ಇದೆ. ಒಂಬತ್ತನೇ ತಾರೀಖಿನಿಂದ ಗೊತ್ತು ನಂಗೆ."

ಇವರ ಕೈ ತಾನಾಗಿ ಕೊರಳೆಲುಬಿಗೆ ಹೋಯಿತು. ಹಿಂದೆ ಲೇತ್ ಸದ್ದು ನಿಂತಿತು. ಮಾವ ಕೇಳಿಸಿಕೊಂಡಿದ್ದರು. ಕೈ ಒರೆಸಿಕೊಂಡು ಒಳಗೆ ಹೋದರು. ಊಟಕ್ಕೆ ಏಳಲಿಲ್ಲ.

ಮಾರ್ಚ್ 15, ಬೆಳಿಗ್ಗೆ 7

ಶೆಡ್ ಬಾಗಿಲು ತೆರೆದಿತ್ತು. ಸಿಲಿಂಡರ್ ಬಿಚ್ಚಿಟ್ಟು ಮಾವ ಸ್ಟೂಲಿನ ಮೇಲೆ ಕೂತಿದ್ದರು. ಪ್ಲೇಟಿನ ಪೇಸ್ಟನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಎಡಗಣ್ಣು ಹೋಗಿ ವರ್ಷ ಆಯ್ತು. ಬಲಗಣ್ಣಲ್ಲಿ ಗೆರೆ ಎಲ್ಲ ಕಲಸಿಕೊಳ್ಳುತ್ತೆ. ಪೊರೆ ಇರಬೇಕು. ಹೇಳಿದ್ರೆ ಲೇತ್ ಬಿಡಿಸ್ತೀರಿ ಅಂತ ಹೇಳಲಿಲ್ಲ. ಅದು ನನ್ನ ತಪ್ಪು."

"ಮಾವ, ನಿಮ್ಮ ಮನಸ್ಸಿಗೆ—"

"ಇರು. ಈ ಪೇಸ್ಟ್ ಬಳಿದದ್ದು ಯಾರು?"

"ನಾನೇ."

"ನನ್ನ ಮರ್ಯಾದೆ ಉಳಿಸೋಕೆ ನನ್ನ ಮಗನ್ನೇ ಗುಡ್ಡ ಹತ್ತಿಸ್ತಿದ್ದೆಯಾ, ತಾಯಿ?"

ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. ಅವರೇ ಎದ್ದು ಹೊಸ ಅಲ್ಯುಮಿನಿಯಂ ತುಂಡು ಎಳೆದುಕೊಂಡರು.

"ಕೈ ನನ್ನದು ಇರಲಿ. ಕಣ್ಣು ನಿನ್ನದು. ಬಾ."

ಮಾರ್ಚ್ 17

ಎರಡು ದಿನ ಒಂದೇ ಪ್ಲೇಟ್. ಅವರು ಹಿಡಿ ತಿರುಗಿಸುವುದು, ನಾನು ಗೆರೆ ಓದುವುದು. ಒಮ್ಮೆ ಆತುರದಲ್ಲಿ ತಪ್ಪು ಓದಿದೆ. "ಓಹೋ, ಮನೇಲಿ ಕುರುಡರು ಇಬ್ಬರಾದ್ವಿ," ಎಂದರು. ಮೂರು ದಿನದಲ್ಲಿ ಮೊದಲ ಸಲ ನಕ್ಕದ್ದು. ಇವರು ಬಾಗಿಲಲ್ಲಿ ನಿಂತು ನೋಡಿ ಹೋದರು. ನನ್ನೊಡನೆ ಇನ್ನೂ ಸರಿಯಾಗಿ ಮಾತಿಲ್ಲ.

ಹೊಸ ಪಿಸ್ಟನ್. ತಂತಿ: 1.2, 1.2, 1.2, 1.2. ನಾನು ಅಳೆದೆ. ಇವರ ಕೈಯಲ್ಲೂ ಅಳೆಸಿದೆ.

ಮಾರ್ಚ್ 18

ಬಯಲಿನಲ್ಲಿ ಒಂದು ಗಂಟೆ. ಗೀರಿಲ್ಲ. ಇವರು ಟಾರ್ಚ್ ಕಸಿದುಕೊಂಡು ತಾವೇ ನೋಡಿದರು. ಆಮೇಲೆ ನನ್ನನ್ನು. "ಇನ್ನೊಂದ್ಸಲ ಹೀಗೆ ಮುಚ್ಚಿಡಬೇಡ," ಎಂದರು. ಅಷ್ಟೇ.

ಮಾರ್ಚ್ 19, ಬೆಳಿಗ್ಗೆ 8

ಹೊರಟರು. ಹಿಂದೆ ನಾಲ್ಕು ಕ್ಯಾನು. ಹೇಳಿದ್ದನ್ನೇ ಹೇಳಿದೆ — ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಡಬೇಡಿ, ಆಯಿಲ್ ಪೆಟ್ರೋಲಿನ ಜೊತೆಯೇ ಬರೋದು, ಆಗಾಗ ಕೊಡ್ತಾ ಇರಿ. "ಆಯ್ತು ಮೇಡಂ," ಎಂದರು.

11.10

ಟವರ್ ಕಾವಲುಗಾರನ ಫೋನ್. "ತಲುಪಿದ್ರಮ್ಮಾ. ಟೀ ಕುಡೀತಿದ್ದಾರೆ." ಮಾವನಿಗೆ ಹೇಳಿದೆ. ಏರು ಮುಗಿದರೆ ಅರ್ಧ ಮಾತ್ರ ಮುಗಿದ ಹಾಗೆ.

1.30

ಹನ್ನೆರಡಕ್ಕೇ ಹೊರಟರಂತೆ. ಇಳಿಯಲು ಒಂದು ಗಂಟೆ ಸಾಕು. ದಾರಿಯಲ್ಲಿ ಇವರ ಫೋನ್ ಸಿಗುತ್ತಿಲ್ಲ.

1.50

ಇಲ್ಲ. ಸ್ಪ್ಯಾನರುಗಳನ್ನು ಎರಡು ಸಲ ಜೋಡಿಸಿದೆ. ಮತ್ತೆ ತಂತಿಯ ಲೆಕ್ಕ ನೋಡಿದೆ. ಸರಿ ಇದೆ. ಎಲ್ಲ ಸರಿ ಇದೆ.

2.05

ಮಾವ ಅಂಗಳದಲ್ಲಿ ನಿಂತಿದ್ದಾರೆ. ಕೈ ಎತ್ತಿದರು — ಸುಮ್ಮನಿರು ಎಂದು. ಏನೋ ಕೇಳಿಸುತ್ತಿರಬೇಕು. ನನಗಿನ್ನೂ ಗಾಳಿಯೇ... ಇಲ್ಲ, ಬಂತು. ತಿರುವಿನಾಚೆ. ಎರಡನೇ ಗೇರ್. ಬಿಡುತ್ತಾರೆ, ಕೊಡುತ್ತಾರೆ, ಬಿಡುತ್ತಾರೆ, ಕೊಡು... ಹೇಳಿದ ಹಾಗೆಯೇ. "ಬಾಗಿಲು ತೆಗಿಯಮ್ಮ," ಎನ್ನುತ್ತಿದ್ದಾರೆ ಮಾವ, "ಬಾಗಿಲು—"